ಭೇದಿಯಾದ ಮಗುವಿಗೆ ಓಆರ್‌ಎಸ್ ಬದಲು ಸೇಬಿನ ಜ್ಯೂಸ್ ಸಾಕೇ?

ಸಹನಾ_ಪ್ರಶ್ನೆ
2016ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಟೊರಾಂಟೊ ಅಧ್ಯಯನದಲ್ಲಿ, ವಾಂತಿಭೇದಿ ಇದ್ದ ಮಕ್ಕಳಿಗೆ ನೀರು ಬೆರೆಸಿದ ಸೇಬಿನ ಜ್ಯೂಸ್ ಕೊಟ್ಟಾಗ ಚಿಕಿತ್ಸೆ ಕೈಕೊಟ್ಟದ್ದು ಶೇ 16.7ರಷ್ಟು, ಎಲೆಕ್ಟ್ರೊಲೈಟ್ (ಲವಣಾಂಶದ) ದ್ರಾವಣ ಕೊಟ್ಟಾಗ ಶೇ 25ರಷ್ಟು. ಹಾಗಾದ್ರೆ ಒಂದೂವರೆ ವರ್ಷದ ಮಗುವಿಗೆ ಟೆಟ್ರಾ ಪ್ಯಾಕ್ ಜ್ಯೂಸ್ ಸಾಲದೇ? ಇನ್ನೊಂದು, ಭೇದಿಗೆ ಕೊಡೋ ಜಿಂಕ್ ಕೊಟ್ಟ ಕೂಡಲೇ ಕಕ್ಕಿದ್ರೆ ಏನು ಮಾಡಬೇಕು?

ಮಕ್ಕಳ_ವಾರ್ಡ್
ಆ ಅಧ್ಯಯನದಲ್ಲಿ ಇದ್ದವರು ಯಾರು ಅನ್ನೋದನ್ನ ಮೊದಲು ನೋಡಿ. 6 ತಿಂಗಳಿಂದ 5 ವರ್ಷದ 647 ಮಕ್ಕಳು, ನಿರ್ಜಲೀಕರಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜ್ಯೂಸಿಗೆ ಸಮಪ್ರಮಾಣದ ನೀರು ಬೆರೆಸಿದ್ದರು. ಮನೆಗೆ ಹೋದ ಮೇಲೆ ಮಗು ಇಷ್ಟಪಟ್ಟದ್ದನ್ನು ಕುಡಿಸಲು ಬಿಟ್ಟಿದ್ದರು. ಎದುರಿಗಿದ್ದದ್ದು ಸೇಬಿನ ರುಚಿ ಹಾಕಿದ ದ್ರಾವಣ, ನಮ್ಮ ಪೊಟ್ಟಣದ ಓಆರ್‌ಎಸ್ ಅಲ್ಲ. ಲಾಭ ಎದ್ದು ಕಂಡದ್ದು 2 ವರ್ಷ ದಾಟಿದವರಲ್ಲಿ (ಚಿಕಿತ್ಸೆ ಕೈಕೊಟ್ಟದ್ದು ಜ್ಯೂಸಿನಲ್ಲಿ ಶೇ 9.8, ದ್ರಾವಣದಲ್ಲಿ ಶೇ 25.9). ನೀವು ಕೇಳಿದ ವಯಸ್ಸಿಗೆ ಅದೇ ಮಾತು ಹೇಳಲು ಬರೋದಿಲ್ಲ.

ನೀರು ಬೆರೆಸದ ಜ್ಯೂಸ್ ಬೇರೆಯೇ ಕತೆ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು. ಜ್ಯೂಸಿನಲ್ಲಿ ಸೋಡಿಯಂ ತೀರಾ ಕಡಿಮೆ, ಸಕ್ಕರೆ ವಿಪರೀತ. ಹೀರಿಕೊಳ್ಳದೆ ಉಳಿದ ಸಕ್ಕರೆ ನೀರನ್ನು ಕರುಳಿಗೇ ಎಳೆಯುತ್ತೆ, ಭೇದಿ ಹೆಚ್ಚುತ್ತೆ. ಓಆರ್‌ಎಸ್‌ನ ಸಾಂದ್ರತೆಯನ್ನೇ ಲೀಟರಿಗೆ 311ರಿಂದ 245 ಮಿಲಿಆಸ್ಮೋಲ್‌ಗೆ (ಕರಗಿದ ಉಪ್ಪು, ಸಕ್ಕರೆಯ ಅಳತೆ) ಇಳಿಸಿದ್ದು ಸುಮ್ಮನೆ ಅಲ್ಲ: ಹಳೆಯದಕ್ಕೆ ಹೋಲಿಸಿದರೆ ಡ್ರಿಪ್ ಹಾಕಬೇಕಾದ ಪ್ರಸಂಗ ಸುಮಾರು ಶೇ 33, ವಾಂತಿ ಶೇ 30ರಷ್ಟು ಇಳಿಯಿತು.

ಔಷಧದಂಗಡಿ_ಗಿರಿ
ಅಂಗಡಿಯಲ್ಲಿ ದೊಡ್ಡ ಎಡವಟ್ಟು ಪೊಟ್ಟಣದ್ದೇ. 1 ಲೀಟರಿನ ಪೊಟ್ಟಣ (20.5 ಗ್ರಾಂ) ಬೇರೆ, 200 ಮಿಲೀದು ಬೇರೆ. ದೊಡ್ಡದನ್ನ ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಐದು ಪಟ್ಟು, ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಪೊಟ್ಟಣವನ್ನ ಅಂದಾಜಿನಲ್ಲಿ ಅರ್ಧ ಮಾಡಬೇಡಿ, ಪೂರ್ತಿ ಒಂದೇ ಸಲ ಕಲಸಿ. ಕುದಿಸಿ ಆರಿಸಿದ ನೀರಿರಲಿ. ಕಲಸಿದ ಮೇಲೆ ಕುದಿಸೋದು, ಸಕ್ಕರೆ ಸೇರಿಸೋದು ಬೇಡ. 24 ಗಂಟೆ ಆದ ಮೇಲೆ ಚೆಲ್ಲಿ.

ಪ್ರತಿ ಭೇದಿಯ ನಂತರ 2 ವರ್ಷದೊಳಗಿನವರಿಗೆ 50–100 ಮಿಲೀ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100–200. ಬಾಟಲಿ ಬೇಡ, ಚಮಚ. ಕಕ್ಕಿದರೆ 10 ನಿಮಿಷ ಬಿಟ್ಟು 2–3 ನಿಮಿಷಕ್ಕೊಂದು ಚಮಚ.

‘ಓಆರ್‌ಎಸ್’ ಅಂತ ಹೆಸರಿಟ್ಟ ಸಿಹಿ ಪಾನೀಯಗಳಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ತಡೆ ಹಾಕಿದೆ, ಆದರೂ ಲೇಬಲ್ ಓದಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಸಾಲದು. ಉಪ್ಪು ಹಾಕಿದ ಗಂಜಿ ಅಥವಾ ಮಜ್ಜಿಗೆ ಅದಕ್ಕಿಂತ ಮೇಲು.

ಮಕ್ಕಳ_ವಾರ್ಡ್
ಜಿಂಕ್ ಬಗ್ಗೆ: 30 ನಿಮಿಷದೊಳಗೆ ಕಕ್ಕಿದರೆ ಇನ್ನೊಮ್ಮೆ ಕೊಡಿ. ವಾಡಿಕೆಯ ಪ್ರಮಾಣ 6 ತಿಂಗಳು ಮೇಲ್ಪಟ್ಟವರಿಗೆ ದಿನಕ್ಕೆ 20 ಮಿಗ್ರಾಂ, 10–14 ದಿನ. ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಬಿಡೋದು ಎಲ್ಲ ಕಡೆ ನಡೆಯೋ ತಪ್ಪು. ಭಾರತ ಮತ್ತು ತಾಂಜಾನಿಯಾದ 4,500 ಮಕ್ಕಳ ಮೇಲಿನ 2020ರ ಪ್ರಯೋಗದಲ್ಲಿ 5 ಮಿಗ್ರಾಂ ಕೂಡ 20 ಮಿಗ್ರಾಂನಷ್ಟೇ ಕೆಲಸ ಮಾಡಿತು. ಕೊಟ್ಟ ಅರ್ಧ ಗಂಟೆಯೊಳಗಿನ ವಾಂತಿ ಶೇ 19.3ರಿಂದ 13.7ಕ್ಕೆ ಇಳಿಯಿತು. ಹಾಗಂತ ನೀವೇ ಮಾತ್ರೆ ಮುರಿಯಬೇಡಿ, ವೈದ್ಯರನ್ನ ಕೇಳಿ.

ಸಹನಾ_ಪ್ರಶ್ನೆ
ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ?

ಮಕ್ಕಳ_ವಾರ್ಡ್
ಕಣ್ಣು ಗುಳಿ ಬಿದ್ದು ಮಗು ಮಂಕಾಗಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನ ಕೂತರೆ, ಕುಡಿಯೋಕೆ ಆಗದಿದ್ದರೆ, ಏನು ಕೊಟ್ಟರೂ ಕಕ್ಕಿದರೆ, ಮಲದಲ್ಲಿ ರಕ್ತ ಕಂಡರೆ. 2 ತಿಂಗಳೊಳಗಿನ ಕೂಸಾದರೆ ಇದ್ಯಾವುದಕ್ಕೂ ಕಾಯಬೇಡಿ. ಎದೆಹಾಲು ಕುಡಿಸುತ್ತಲೇ ಹೊರಡಿ.