ಗೋಳವನ್ನು ಬಿಲ್ಲೆಗಳಾಗಿ ಕೊಯ್ದರೆ ಘನಫಲ ಸರಿ, ಮೇಲ್ಮೈ ತಪ್ಪು. ಏಕೆ?

ಪ್ರಶ್ನೆ
ತ್ರಿಜ್ಯ 1 ಇರುವ ಗೋಳವನ್ನು ಅಕ್ಷಕ್ಕೆ ಅಡ್ಡಲಾಗಿ ಡಿಎಕ್ಸ್ ಎಂಬ ಅತಿ ಸಣ್ಣ ದಪ್ಪದ ಬಿಲ್ಲೆಗಳಾಗಿ ಕೊಯ್ದಿದ್ದೇನೆ. ಪ್ರತಿ ಬಿಲ್ಲೆಯನ್ನೂ ಪುಟ್ಟ ಸಿಲಿಂಡರ್ ಎಂದು ಹಿಡಿದು ಘನಫಲ ಕೂಡಿದರೆ 4ಪೈ/3 ಬರುತ್ತದೆ, ಸರಿ. ಅದೇ ಸಿಲಿಂಡರುಗಳ ಪಕ್ಕದ ಮೇಲ್ಮೈ (ಸುತ್ತಳತೆ × ಡಿಎಕ್ಸ್) ಕೂಡಿದರೆ ಪೈ², ಅಂದರೆ 9.87. ಬರಬೇಕಾದ್ದು 4ಪೈ, 12.57. ಡಿಎಕ್ಸ್ ಅನಂತಸೂಕ್ಷ್ಮ ಅಂದಮೇಲೆ ಅಂಚಿನ ಓರೆಯನ್ನು ಎರಡು ಕಡೆಯೂ ಬಿಡಬಹುದಲ್ಲವೇ?

ಉತ್ತರ 1
ಸಣ್ಣದು ಅನ್ನುವ ಒಂದೇ ಕಾರಣಕ್ಕೆ ಯಾವುದನ್ನೂ ಬಿಡುವಂತಿಲ್ಲ. ಬಿಟ್ಟದ್ದನ್ನು ಉಳಿಸಿಕೊಂಡದ್ದರಿಂದ ಭಾಗಿಸಿ ನೋಡಿ. ಬಂದದ್ದು ಸೊನ್ನೆಯತ್ತ ಹೋದರೆ ಮಾತ್ರ ಬಿಡಬಹುದು.

ಅಕ್ಷದ ಮೇಲೆ ಕೇಂದ್ರದಿಂದ ದೂರ ಎಕ್ಸ್ = 0.8 ರಿಂದ ಶುರುವಾಗುವ ಒಂದೇ ಬಿಲ್ಲೆ ತೆಗೆದುಕೊಳ್ಳಿ. ಅಲ್ಲಿ ತ್ರಿಜ್ಯ 0.6. ದಪ್ಪ 0.01 ಇಟ್ಟರೆ ಆಚೆ ಮುಖದ ತ್ರಿಜ್ಯ 0.5864. ಸಿಲಿಂಡರಿನ ಘನಫಲ ನಿಜವಾದದ್ದಕ್ಕಿಂತ 2.3% ಹೆಚ್ಚು. ದಪ್ಪ 0.001 ಮಾಡಿ, ತಪ್ಪು 0.22%ಕ್ಕೆ ಇಳಿಯುತ್ತದೆ. ಸಿಲಿಂಡರಿಗೂ ನಿಜವಾದ ಬಿಲ್ಲೆಗೂ ನಡುವೆ ಕಡೆಗಣಿಸಿದ ಉಂಗುರದಲ್ಲಿ ದಪ್ಪವೂ ಇದೆ, ತ್ರಿಜ್ಯದ ಇಳಿಕೆಯೂ ಇದೆ, ಎರಡೂ ಸಣ್ಣವು. ಹಾಗಾಗಿ ಅದು ಎರಡನೇ ದರ್ಜೆಯದು, ಅಂದರೆ ಎರಡು ಸಣ್ಣವುಗಳ ಗುಣಲಬ್ಧ.

ಈಗ ಅಂಚು ನೋಡಿ. ದಪ್ಪ 0.01, ತ್ರಿಜ್ಯದ ಇಳಿಕೆ 0.0136, ಪೈಥಾಗೊರಸ್ ಹಾಕಿದರೆ ಓರೆ ಉದ್ದ 0.01686. ನೀವು ಹಿಡಿದದ್ದು 0.01, ಕೊರತೆ 40.7%. ದಪ್ಪ 0.001 ಮಾಡಿದರೂ 40.1%. ಎಷ್ಟೇ ತೆಳು ಕೊಯ್ದರೂ ಅದು 40ಕ್ಕಿಂತ ಕೆಳಗಿಳಿಯುವುದಿಲ್ಲ. ತ್ರಿಜ್ಯದ ಇಳಿಕೆಯೂ ಡಿಎಕ್ಸ್‌ನ ದರ್ಜೆಯದೇ ಆದ್ದರಿಂದ ಎರಡೂ ಜೊತೆಜೊತೆಗೇ ಕುಗ್ಗುತ್ತವೆ.

ಸರಿಪಡಿಸುವುದು ಸುಲಭ. ಈ ಗೋಳದಲ್ಲಿ ಓರೆ ಉದ್ದ = ಡಿಎಕ್ಸ್ ÷ ಬಿಲ್ಲೆಯ ತ್ರಿಜ್ಯ. ಸುತ್ತಳತೆಯಿಂದ ಗುಣಿಸಿದಾಗ ಬಿಲ್ಲೆಯ ತ್ರಿಜ್ಯ ಹೊಡೆದುಹೋಗಿ 2ಪೈ ಡಿಎಕ್ಸ್ ಉಳಿಯುತ್ತದೆ. −1 ರಿಂದ 1 ರವರೆಗೆ ಕೂಡಿದರೆ 4ಪೈ. ಧ್ರುವದ ಬಿಲ್ಲೆಗೂ ನಡುವಿನ ಬಿಲ್ಲೆಗೂ ಮೇಲ್ಮೈ ಒಂದೇ ಅನ್ನುವುದು ಎಷ್ಟು ಸೊಗಸಾಗಿದೆ ನೋಡಿ!

ಉತ್ತರ 2
ಪೊಳ್ಳು ಗೋಳದ ಜಡತ್ವ ಮಹತ್ವದ (ತಿರುಗಿಸಲು ಎಷ್ಟು ಕಷ್ಟ ಎಂಬುದರ ಅಳತೆ) ಲೆಕ್ಕದಲ್ಲೂ ಇದೇ ಕಾಡುತ್ತದೆ. ತ್ರಿಜ್ಯ 1, ದ್ರವ್ಯರಾಶಿ ಎಂ ಇದ್ದಾಗ ಮೇಲ್ಮೈ ಸಾಂದ್ರತೆಯನ್ನು ಸರಿಯಾಗಿ ಎಂ/4ಪೈ ಎಂದೇ ಹಿಡಿದು, ಉಂಗುರದ ಅಗಲಕ್ಕೆ ಡಿಎಕ್ಸ್ ಹಾಕಿದರೆ 0.589 ಎಂ ಬರುತ್ತದೆ. ಸರಿಯುತ್ತರ 2/3 ಎಂ. ಕೋನದಲ್ಲೇ ಲೆಕ್ಕ ಮಾಡಿ: ಅಗಲ = ಗೋಳದ ತ್ರಿಜ್ಯ × ಡಿತೀಟಾ (ಕೋನದ ಸಣ್ಣ ತುಣುಕು). ಆಗ ಓರೆ ತಾನಾಗಿಯೇ ಒಳಗೆ ಬಂದಿರುತ್ತದೆ.

ಪ್ರಶ್ನೆ ಕೇಳಿದವರು
ದರ್ಜೆಯ ವಿಷಯ ಸ್ಪಷ್ಟವಾಯಿತು, ಧನ್ಯವಾದ. ಆದರೆ ಡಿಎಕ್ಸ್ ನಿಜಕ್ಕೂ ಒಂದು ಸಂಖ್ಯೆಯೇ?

ಉತ್ತರ 3
ವಾಸ್ತವ ಸಂಖ್ಯೆಗಳಲ್ಲಿ ಅಲ್ಲ. ಸೊನ್ನೆಯಲ್ಲ ಎಂದು ಭಾಗಿಸಿ, ಮರುಸಾಲಿನಲ್ಲೇ ಸೊನ್ನೆ ಎಂದು ಬಿಡುವುದನ್ನು ತತ್ತ್ವಜ್ಞಾನಿ ಬರ್ಕ್ಲಿ 1734ರಲ್ಲೇ ಪ್ರಶ್ನಿಸಿದ್ದರು, ಆಕ್ಷೇಪ ನ್ಯಾಯವಾದದ್ದೇ. 19ನೇ ಶತಮಾನದಲ್ಲಿ ಗಣಿತಜ್ಞರಾದ ಕೌಷಿ, ವೈಯರ್‌ಸ್ಟ್ರಾಸ್ ಲಿಮಿಟ್ (ಒಂದು ಬೆಲೆಗೆ ಬೇಕಾದಷ್ಟು ಹತ್ತಿರ ಸಾಗುವುದು) ಮೂಲಕ ತಳಪಾಯ ಕಟ್ಟಿದರು. 1960ರ ದಶಕದಲ್ಲಿ ಅಬ್ರಹಾಂ ರಾಬಿನ್‌ಸನ್ ಅನಂತಸೂಕ್ಷ್ಮಗಳೂ ಸೇರಿದ ವಿಸ್ತೃತ ಸಂಖ್ಯಾವ್ಯವಸ್ಥೆಯನ್ನೇ ತರ್ಕಬದ್ಧವಾಗಿ ಕಟ್ಟಿ ತೋರಿಸಿದರು. ಅಲ್ಲಿ ಡಿಎಕ್ಸ್ ಸಂಖ್ಯೆಯೇ. ಆದರೆ ಆ ವ್ಯವಸ್ಥೆಯಲ್ಲೂ ನಿಮ್ಮ ಓರೆಯನ್ನು ಬಿಡುವಂತಿಲ್ಲ: ಎಕ್ಸ್ = 0.8 ರ ಬಿಲ್ಲೆಯಲ್ಲಿ ಡಿಎಕ್ಸ್ ÷ ಓರೆ ಉದ್ದದ ಅನುಪಾತ 0.6ಕ್ಕೆ ಅನಂತಸಮೀಪ, 1ಕ್ಕೆ ಅಲ್ಲ.

ಉತ್ತರ 4
ಭೌತಶಾಸ್ತ್ರದಲ್ಲಿ ಡಿವಿ (ಘನಫಲದ ಅತಿ ಸಣ್ಣ ತುಣುಕು) ಅಂದಾಗ ಇನ್ನೊಂದು ಎಚ್ಚರ ಬೇಕು. ಕೋಣೆಯ ಗಾಳಿಯಲ್ಲಿ 1 ಮೈಕ್ರೊಮೀಟರ್ ಬದಿಯ ಘನದಲ್ಲಿ ಸುಮಾರು 2.5 ಕೋಟಿ ಅಣುಗಳಿರುತ್ತವೆ, ಆ ಎಣಿಕೆಯ ಏರಿಳಿತ ಸುಮಾರು 0.02%. ಸಾಂದ್ರತೆ ಅನ್ನಲು ಧಾರಾಳ ಸಾಕು. ಬದಿ 10 ನ್ಯಾನೊಮೀಟರ್ ಮಾಡಿದರೆ ಅಣುಗಳು 25, ಏರಿಳಿತ 20%. ಅಲ್ಲಿಂದ ಕೆಳಗೆ ಲಿಮಿಟ್ ತೆಗೆದುಕೊಂಡರೆ ಸಾಂದ್ರತೆ ಸಿಗುವುದಿಲ್ಲ, ಅಣು ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗುವುದು.