25,000 ರೂಪಾಯಿ, 12ಕ್ಕೆ 15 ಅಡಿ ಹಾಲ್, ಎರಡು ಸ್ಪೀಕರ್

ಭಾವ, ನಮಸ್ಕಾರ. ಹಾಲಿಗೆ ಯಾವ ಸ್ಪೀಕರ್ ತಗೊಳ್ಳೋದು ಅಂತ ನೀವು ನಿನ್ನೆ ಗ್ರೂಪ್‌ನಲ್ಲಿ ಕೇಳಿದ್ದಕ್ಕೆ ಹೇಳ್ತಿದೀನಿ, ಸ್ವಲ್ಪ ಉದ್ದ ಆಗತ್ತೆ. ಮೈಸೂರಿನ ಮನೆ ಹಾಲ್ 12 ಅಡಿಗೆ 15 ಅಡಿ, ಬಜೆಟ್ಟು 25,000 ರೂಪಾಯಿ. ಬೆಳಿಗ್ಗೆ ನಿಮ್ಮ ತಂದೆಯೋರಿಗೆ ಕಚೇರಿ ಸಂಗೀತ, ಸಂಜೆ ಟಿವಿ ವಾರ್ತೆ, ರಾತ್ರಿ ಮಕ್ಕಳಿಗೆ ಸಿನಿಮಾ. ಅಂಗಡಿಯೋರು 5.1 ಹೋಂ ಥಿಯೇಟರ್ ತೋರಿಸಿ 8000 ವಾಟ್ಸ್ ಅಂದಿದಾರೆ. ಅದು ಬೇಡ ಭಾವ. ಆ ದುಡ್ಡಿಗೆ ಎರಡೇ ಎರಡು ಒಳ್ಳೇ ಸ್ಪೀಕರ್ ತಗೊಂಡು ಸರಿಯಾದ ಜಾಗದಲ್ಲಿ ಇಡಿ.

5.1 ಯಾಕೆ ಬೇಡ ಅಂದ್ರೆ, ಐದು ಸ್ಪೀಕರು, ಕೆಳಗಿನ ಸ್ವರಕ್ಕೆ ಒಂದು ಸಬ್‌ವೂಫರು, ಸದ್ದು ಹೆಚ್ಚಿಸೋ ಆರು ಚಾನೆಲ್ ಆಂಪ್ಲಿಫೈಯರು ಎಲ್ಲಾ ಅದೇ ದುಡ್ಡಲ್ಲಿ ಬರ್ಬೇಕು. ಹಾಗಾಗಿ ಒಂದೊಂದು ಡಬ್ಬದಲ್ಲಿ ಎರಡೂವರೆ ಮೂರು ಇಂಚಿನ ಒಂದೇ ಕೋನ್ (ಅಲ್ಲಾಡಿ ಸದ್ದು ಮಾಡೋ ತಟ್ಟೆ) ಹಾಕಿರ್ತಾರೆ, ಬಹಳ ಸಲ ಮೇಲಿನ ಸ್ವರಕ್ಕೆ ಬೇಕಾದ ಸಣ್ಣ ಸ್ಪೀಕರ್, ಅಂದ್ರೆ ಟ್ವೀಟರೇ ಇರಲ್ಲ. ಅಷ್ಟು ಸಣ್ಣ ಕೋನ್‌ಗೆ ಕೆಳಗಿನ ಸ್ವರ ಎತ್ತೋಕೆ ಆಗಲ್ಲ, 150-200 ಹರ್ಟ್ಸ್‌ವರೆಗಿನದನ್ನೆಲ್ಲ ಮೂಲೇಲಿರೋ ಸಬ್‌ವೂಫರ್‌ಗೆ ಕಳಿಸಿಬಿಡ್ತಾರೆ. ಗಂಡಸರ ದನಿಯ ಮೂಲ ಸ್ವರ ಹೆಚ್ಚುಕಮ್ಮಿ 85ರಿಂದ 180 ಹರ್ಟ್ಸ್ ಒಳಗೇ ಬರತ್ತೆ. ಅಂದ್ರೆ ಹಾಡೋರ ದನಿ ಒಂದಷ್ಟು ಮುಂದಿನಿಂದ, ಒಂದಷ್ಟು ಮೂಲೆಯ ಸಬ್‌ವೂಫರ್ ಡಬ್ಬದಿಂದ. ಮೃದಂಗದ ತೊಪ್ಪಿ (ದಪ್ಪ ದನಿಯ ಎಡ ಮುಖ) ಕಡೆಯ ಗುಮ್ಕಿ ಪೆಟ್ಟುಗಳೆಲ್ಲ ಒಂದೇ ಥರ ಗುಂಯ್ ಅನ್ನತ್ತೆ, ಯಾವ ಪೆಟ್ಟು ಏನು ಅಂತ ಗೊತ್ತಾಗಲ್ಲ. ಅಗ್ಗದ 2.1 (ಎರಡು ಸ್ಪೀಕರ್, ಒಂದು ಸಬ್‌ವೂಫರ್) ಸೆಟ್‌ಗೂ ಇದೇ ಮಾತು. ಸೌಂಡ್‌ಬಾರ್ ಆದ್ರೆ ವಾರ್ತೆ ಚೆನ್ನಾಗಿ ಕೇಳತ್ತೆ ನಿಜ, ಆದ್ರೆ ಅದರ ಎಡಬಲದ ಮಧ್ಯೆ ಎರಡು ಮೂರು ಅಡಿ ಅಷ್ಟೇ ಅಂತರ. ಮೃದಂಗ ಎಡಗಡೆ, ಪಿಟೀಲು ಬಲಗಡೆ, ಹಾಡೋರು ನಡುವೆ ಅನ್ನೋ ಹಾಗೆ ಕಚೇರಿ ಬಿಡಿಸಿಕೊಂಡು ಕಿವಿಗೆ ಬರ್ಬೇಕಾದ್ರೆ ಎರಡು ಸ್ಪೀಕರ್ ಬೇರೆ ಬೇರೆ ಇರ್ಲೇಬೇಕು.

ಈಗ ಆ 8000 ವಾಟ್ಸ್ ವಿಷಯ. ಅದು ಪಿಎಂಪಿಒ, ಅಂದ್ರೆ ಕ್ಷಣಮಾತ್ರದ ಗರಿಷ್ಠ ಅಂತ ಹೇಳಿಕೊಳ್ಳೋ ಲೆಕ್ಕ, ಅದಕ್ಕೆ ಯಾವ ಅರ್ಥಾನೂ ಇಲ್ಲ. ಆರ್‌ಎಂಎಸ್ (ಒಂದೇ ಸಮ ಕೊಡಬಲ್ಲ ನಿಜವಾದ ವಾಟ್) ಎಷ್ಟು ಅಂತ ಮಾತ್ರ ಕೇಳಿ. ಹೇಳಲಿಲ್ಲ ಅಂದ್ರೆ ಸೆಟ್ಟಿನ ಹಿಂದೆ ಅಂಟಿಸಿರೋ ಚೀಟಿ ನೋಡಿ, 230 ವೋಲ್ಟ್ ಪಕ್ಕ ಕರೆಂಟ್ ಎಷ್ಟು ಎಳೆಯತ್ತೆ ಅಂತ ಬರೆದಿರತ್ತೆ. 60 ವಾಟ್ ಎಳೆಯೋ ಸೆಟ್ಟು ಒಂದೇ ಸಮ 60ಕ್ಕಿಂತ ಹೆಚ್ಚು ಕೊಡೋಕೆ ಸಾಧ್ಯವೇ ಇಲ್ಲ.

ನಿಮಗೆ ಬೇಕಾಗಿರೋದು ಕಮ್ಮಿ ವಾಟೇ. ಸ್ಪೀಕರ್ ಮೇಲೆ ಸೆನ್ಸಿಟಿವಿಟಿ ಅಂತ ಬರೆದಿರ್ತಾರೆ, ಉದಾಹರಣೆಗೆ 88 ಡೆಸಿಬೆಲ್. ಅಂದ್ರೆ 1 ವಾಟ್ ಕೊಟ್ರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಅಂಥ ಎರಡು ಸ್ಪೀಕರ್ ಇಟ್ಟು ನಿಮ್ಮ ಸೋಫಾದಲ್ಲಿ ಕೂತ್ರೆ ಒಂದೊಂದು ವಾಟ್‌ಗೇ 80 ಡೆಸಿಬೆಲ್ ಆಸುಪಾಸು ಸಿಗತ್ತೆ, ಮನೇಲಿ ಮಾತಾಡೋ ಸದ್ದಿಗಿಂತ ಜೋರು ಅದು. ತನಿ ಆವರ್ತನದಲ್ಲಿ (ಮೃದಂಗ ಒಂದೇ ನುಡಿಸೋ ಭಾಗ) ಒಂದು ಪೆಟ್ಟು ಅದಕ್ಕಿಂತ 10 ಡೆಸಿಬೆಲ್ ಮೇಲೆ ಹೋದ್ರೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ ಒಂದೊಂದು ಸ್ಪೀಕರ್‌ಗೆ 20ರಿಂದ 40 ವಾಟ್ ಆರ್‌ಎಂಎಸ್ ನಿಮ್ಮ ಹಾಲಿಗೆ ಧಾರಾಳ. ಇನ್ನೊಂದು ಲೆಕ್ಕ ನೆನಪಿರ್ಲಿ: 85 ಡೆಸಿಬೆಲ್ ಸ್ಪೀಕರ್‌ಗೆ 88ರದ್ದಕ್ಕಿಂತ ಎರಡರಷ್ಟು ವಾಟ್ ಬೇಕು, ಅಷ್ಟೇ ಸದ್ದಿಗೆ.

ಇದಕ್ಕೆ ಎರಡು ದಾರಿ ಇದೆ. ಮೊದಲನೇದು ಆಕ್ಟಿವ್ ಸ್ಪೀಕರ್, ಅಂದ್ರೆ ಆಂಪ್ (ಆಂಪ್ಲಿಫೈಯರ್) ಒಂದು ಡಬ್ಬದೊಳಗೇ ಕೂತಿರತ್ತೆ. ಎಡಿಫೈಯರ್ ಆರ್1280ಡಿಬಿ ಇಂಥದ್ದು: 4 ಇಂಚಿನ ವೂಫರು (ಕೆಳಗಿನ, ನಡುವಿನ ಸ್ವರದ ಕೋನ್), 13 ಮಿಲಿಮೀಟರ್ ಟ್ವೀಟರು, ಒಟ್ಟು 42 ವಾಟ್ ಆರ್‌ಎಂಎಸ್, ಬ್ಲೂಟೂತು, ಆಪ್ಟಿಕಲ್ (ಬೆಳಕಲ್ಲಿ ಸದ್ದು ಸಾಗಿಸೋ ಕೇಬಲ್‌ನ ತೂತು), ರಿಮೋಟು ಎಲ್ಲಾ ಇದೆ. ಅದೇ ಸಾಲಿನ ಆರ್1280ಟಿ ತಗೊಂಡ್ರೆ ಬ್ಲೂಟೂತೂ ಇಲ್ಲ, ಆಪ್ಟಿಕಲ್ಲೂ ಇಲ್ಲ. ಟಿವಿಗೆ ಹಾಕೋದಾದ್ರೆ ಡಿಬಿನೇ ನೋಡಿ. ಹಿರಿಯರು ಬಳಸೋ ಮನೆಗೆ ನಾನು ಈ ದಾರೀನೇ ಹೇಳೋದು. ಸ್ಪೀಕರ್‌ಗೆ ಒಂದೇ ಸ್ವಿಚ್ಚು, ಒಂದೇ ರಿಮೋಟು, ತಂತಿ ತಪ್ಪಾಗೋ ಗೊಂದಲ ಕಮ್ಮಿ. ಒಂದು ಎಚ್ಚರಿಕೆ: ಎರಡು ಡಬ್ಬದ ನಡುವಿನ ತಂತಿ ಕೆಲವು ಕಂಪನಿಯೋರದ್ದು ಸಾದಾ ಸ್ಪೀಕರ್ ವೈರು, ಕೆಲವರದ್ದು ಹಲವು ಪಿನ್ನಿನ ವಿಶೇಷ ಪ್ಲಗ್ಗು. ಪ್ಲಗ್ಗಿಂದಾದ್ರೆ ಉದ್ದ ಮಾಡಿಸೋದು ಕಷ್ಟ. ನಿಮಗೆ ಟಿವಿ ಯೂನಿಟ್ ಹಿಂದೆ ಸುತ್ತಿ ಬರೋಕೆ 3 ಮೀಟರ್ ಬೇಕಾಗತ್ತೆ, ಕೊಳ್ಳೋ ಮೊದಲೇ ಅಳತೆ ಕೇಳಿ.

ಎರಡನೇ ದಾರಿ, ಪ್ಯಾಸಿವ್ (ಒಳಗೆ ಆಂಪ್ ಇರದ) ಸಣ್ಣ ಡಬ್ಬದ ಬುಕ್‌ಶೆಲ್ಫ್ ಸ್ಪೀಕರ್ ಜೊತೆ ಬೇರೆ ಆಂಪು. ಮಗ ಇಂಥದ್ರಲ್ಲಿ ಆಸಕ್ತಿ ಇರೋನು ಅಂದಿದ್ರಿ, ಮುಂದೆ ಒಂದೊಂದೇ ಬದಲಾಯಿಸ್ತಾ ಹೋಗ್ಬಹುದು. ಹೀಗೆ ಹೋದ್ರೆ ದುಡ್ಡಿನ ಬಹುಪಾಲು ಸ್ಪೀಕರ್‌ಗೇ ಹೋಗ್ಲಿ: 15,000-16,000 ಸ್ಪೀಕರ್‌ಗೆ, 6,000-7,000 ಆಂಪು ಮತ್ತು ಅಡಾಪ್ಟರ್‌ಗೆ, ಉಳಿದದ್ದು ವೈರು, ಸ್ಟ್ಯಾಂಡಿಗೆ. 5 ಅಥವಾ 6 ಇಂಚಿನ ವೂಫರ್ ನೋಡಿ. 4 ಇಂಚಿಗಿಂತ ಅದರಲ್ಲಿ ಮೃದಂಗದ ತೊಪ್ಪಿಯ ದಪ್ಪ ದನಿ ಸ್ಪಷ್ಟವಾಗಿ ಬರತ್ತೆ.

ಆಂಪ್‌ಗೆ ಈಗ ಅಂಗೈ ಅಗಲದ, ಕ್ಲಾಸ್ ಡಿ ಅನ್ನೋ ಬಗೆಯ ಪೆಟ್ಟಿಗೆಗಳು ಬರ್ತಾವೆ, ಎಷ್ಟೋ ಪೆಟ್ಟಿಗೇಲಿ ಇರೋದು ಟಿಪಿಎ3116 ಅನ್ನೋ ಚಿಪ್ಪು. ಚಿಪ್ಪು ಒಳ್ಳೇದೇ, ಆದ್ರೆ ಜನ ಮೋಸ ಹೋಗೋದು ಅಡಾಪ್ಟರ್‌ನಲ್ಲಿ. ಮನೇಲಿ ಬಿದ್ದಿರೋ ರೂಟರ್‌ನ 12 ವೋಲ್ಟ್ ಅಡಾಪ್ಟರ್ ಚುಚ್ಚಿದ್ರೆ 8 ಓಮ್ ಸ್ಪೀಕರ್‌ಗೆ ಹೆಚ್ಚಂದ್ರೆ 9 ವಾಟ್ ಸಿಗತ್ತೆ. 24 ವೋಲ್ಟ್ ಕೊಟ್ರೆ ಅದೇ ಪೆಟ್ಟಿಗೆ 30 ದಾಟತ್ತೆ. ವೋಲ್ಟೇಜು ಎರಡರಷ್ಟಾದ್ರೆ ವಾಟು ನಾಲ್ಕರಷ್ಟು, ಲೆಕ್ಕ ಅಷ್ಟೇ. ಹಾಗಾಗಿ 24 ವೋಲ್ಟ್, 4 ಅಥವಾ 5 ಆಂಪಿಯರ್ ಅಡಾಪ್ಟರ್ ಜೊತೇಲಿದ್ಯಾ ಅಂತ ನೋಡೇ ತಗೊಳ್ಳಿ. ಕರೆಂಟ್ ಸಾಲದೇ ಇರೋ ಆಂಪನ್ನ ಪೂರ್ತಿ ತಿರುಗಿಸಿದ್ರೆ ಸದ್ದಿನ ಅಲೆಯ ತಲೆ ಕತ್ತರಿಸಿ ಹೋಗತ್ತೆ, ಅದರಿಂದ ಹುಟ್ಟೋ ಕರ್ಕಶ ಸದ್ದೆಲ್ಲ ಟ್ವೀಟರ್‌ಗೆ ನುಗ್ಗಿ ಅದರೊಳಗಿನ ತಂತಿ ಸುರುಳಿ (ಕಾಯಿಲ್) ಸುಡತ್ತೆ. ಟ್ವೀಟರ್ ಸುಡೋದು ದೊಡ್ಡ ಆಂಪಿಂದ ಮಾತ್ರ ಅಂದ್ಕೊಂಡಿರ್ತಾರೆ, ಸಣ್ಣ ಆಂಪನ್ನ ಹಿಂಡಿದ್ರೂ ಸುಡತ್ತೆ. ದನಿ ಒರಟಾಯ್ತು ಅನ್ನಿಸಿದ ತಕ್ಷಣ ವಾಲ್ಯೂಮ್ ಇಳಿಸೋಕೆ ಮಕ್ಕಳಿಗೆ ಹೇಳಿ.

ವೈರ್‌ಗೆ ದುಡ್ಡು ಸುರೀಬೇಡಿ. ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋ 1.5 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ವೈರು, ಕೆಂಪು ಕಪ್ಪು ಎರಡು ಬಣ್ಣದ್ದು, ಸಾಕೇ ಸಾಕು. 5 ಮೀಟರ್ ಓಡಿಸಿದ್ರೂ ಹೋಗಿ ಬರೋ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ 0.12 ಓಮ್, ಕಿವಿಗೆ ಗೊತ್ತೇ ಆಗಲ್ಲ. ತುದಿ 1 ಸೆಂಟಿಮೀಟರ್ ಸುಲಿದು ಎಳೆಗಳನ್ನ ಗಟ್ಟಿಯಾಗಿ ಹೊಸೆದು ಹಾಕಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದ್ರೂ ಆಂಪ್ ಶಾರ್ಟ್ ಆಗತ್ತೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಎರಡೂ ಕಡೆ. ಒಂದು ಸ್ಪೀಕರ್ ಮಾತ್ರ ತಿರುಗು ಮುರುಗಾದ್ರೆ ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದ್ದು ಹಿಂದೆ ಹೋಗತ್ತೆ, ಬೇಸ್ ಮಾಯವಾಗತ್ತೆ, ಹಾಡೋರು ಎಲ್ಲಿದಾರೆ ಅಂತಾನೇ ತಿಳಿಯಲ್ಲ. ಸ್ಪೀಕರೇ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ಹೋಗೋ ಮೊದಲು ಇದನ್ನ ನೋಡ್ಕೊಳ್ಳಿ.

ಟಿವಿಗೆ ಜೋಡಿಸೋದು. ಬ್ಲೂಟೂತ್‌ನಲ್ಲಿ ಹಾಕ್ಬೇಡಿ, ತುಟಿ ಮೊದಲು ಅಲ್ಲಾಡತ್ತೆ, ಮಾತು ಆಮೇಲೆ ಬರತ್ತೆ. ಫೋನಿಂದ ಹಾಡಿಗೆ ಮಾತ್ರ ಬ್ಲೂಟೂತ್ ಇರ್ಲಿ. ಟಿವಿಗೆ ಆಪ್ಟಿಕಲ್ ಕೇಬಲ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಆಡಿಯೊ ಔಟ್ ಅನ್ನೋದನ್ನ ಪಿಸಿಎಂಗೆ (ಯಾವ ಸ್ಪೀಕರ್‌ಗೂ ಅರ್ಥವಾಗೋ ಸಾದಾ ರೂಪ) ಇಡಿ. ಡಾಲ್ಬಿ ಅಥವಾ ಆಟೊದಲ್ಲಿ ಬಿಟ್ರೆ ಕೆಲವು ಟಿವಿ ಚಾನೆಲ್‌ಗೆ ಸದ್ದೇ ಬರಲ್ಲ, ಯಾಕಂದ್ರೆ ಸ್ಟೀರಿಯೊ ಸ್ಪೀಕರ್‌ಗೆ ಡಾಲ್ಬಿ ಬಿಡಿಸೋಕೆ ಬರಲ್ಲ. ಆದ್ರೆ ಆಪ್ಟಿಕಲ್‌ನಲ್ಲಿ ಸಾಮಾನ್ಯವಾಗಿ ಟಿವಿ ರಿಮೋಟಿಂದ ವಾಲ್ಯೂಮ್ ಬದಲಾಗಲ್ಲ. ನಿಮ್ಮ ತಂದೆಯೋರಿಗೆ ಎರಡು ರಿಮೋಟ್ ತೊಂದ್ರೆ ಅನ್ನಿಸಿದ್ರೆ, ಟಿವೀಲಿ ಹೆಡ್‌ಫೋನ್ ಜ್ಯಾಕ್ ಇದ್ರೆ ಅಲ್ಲಿಂದ 3.5 ಎಂಎಂ ಟು ಆರ್‌ಸಿಎ (ಕೆಂಪು-ಬಿಳಿ ಎರಡು ಪಿನ್ನಿನ) ಕೇಬಲ್ ಹಾಕಿ. ಸ್ಪೀಕರ್ ವಾಲ್ಯೂಮನ್ನ ಅರ್ಧದಲ್ಲಿ ನಿಲ್ಲಿಸಿಬಿಡಿ, ಆಮೇಲೆ ಟಿವಿ ರಿಮೋಟ್ ಒಂದೇ ಸಾಕು. ವಾರ್ತೆಗೆ ಕ್ವಾಲಿಟಿ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ.

ಇನ್ನು ಜಾಗ. ಭಾವ, ಇದಕ್ಕೆ ಹೆಚ್ಚು ದುಡ್ಡು ಬೇಡ, ಆದ್ರೆ ಅರ್ಧ ಸಂಗೀತ ಇದರಲ್ಲೇ ಇದೆ. ಶೋಕೇಸ್ ಗೂಡಿನೊಳಗೆ ಸ್ಪೀಕರ್ ತುರುಕಬೇಡಿ, ಗೂಡೇ ಮೊಳಗೋಕೆ ಶುರು ಮಾಡತ್ತೆ. 12 ಅಡಿ ಗೋಡೆ ಕಡೆ, 15 ಅಡಿ ಉದ್ದಕ್ಕೆ ಮುಖ ಮಾಡಿ, ಟಿವಿ ಎಡಬಲಕ್ಕೆ, ಎರಡರ ಮಧ್ಯೆ 6ರಿಂದ 7 ಅಡಿ. ಕೂರೋ ಜಾಗ ಒಂದೊಂದರಿಂದಲೂ ಹೆಚ್ಚುಕಮ್ಮಿ ಅಷ್ಟೇ ದೂರ, ಅಥವಾ ಒಂದಡಿ ಜಾಸ್ತಿ. ಟ್ವೀಟರ್ ಕೂತವರ ಕಿವಿ ಮಟ್ಟಕ್ಕೆ, ನೆಲದಿಂದ ಮೂರಡಿ ಸುಮಾರು. ಕಾರ್ಪೆಂಟರ್ ಹತ್ರ 24-26 ಇಂಚಿನ ಎರಡು ಸ್ಟ್ಯಾಂಡ್ ಮಾಡಿಸಿ, ಒಳಗೆ ಒಣ ಮರಳು ತುಂಬಿಸಿದ್ರೆ ಅಲ್ಲಾಡಲ್ಲ. ಸ್ಪೀಕರ್ ಹಿಂದುಗಡೆ ದುಂಡು ತೂತು ಇದ್ರೆ ಗೋಡೆಯಿಂದ ಒಂದಡಿ ಆದ್ರೂ ಮುಂದೆ ಇಡಿ, ಮೂಲೆಯಿಂದ ಎರಡಡಿ. ಗೋಡೆಗೆ ಒತ್ತಿದಷ್ಟೂ ಬೇಸ್ ಊದಿಕೊಳ್ಳತ್ತೆ, ಮೂಲೆಗೆ ಹೋದ್ರೆ ಇನ್ನೂ ಜಾಸ್ತಿ. ಮೊದಲು ಬೇಸ್ ಜಾಸ್ತಿ ಬಂದ ಹಾಗೆ ಖುಷಿ ಅನ್ನಿಸತ್ತೆ, ಆಮೇಲೆ ವಾರ್ತೆ ಓದೋರ ಮಾತೇ ಬಿಡಿಸಿ ಕೇಳಲ್ಲ.

ನಿಮ್ಮ ಹಾಲಲ್ಲಿ ವಿಟ್ರಿಫೈಡ್ ಟೈಲ್ಸ್, ಬರಿಗೋಡೆ, ಗಾಜಿನ ಕಿಟಕಿ. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ, ಟಣಟಣ ಅಂತ ಬಾಲ ಉಳಿದ್ರೆ ಅದೇ ಬಾಲ ಪ್ರತಿ ಸ್ವರಕ್ಕೂ ಅಂಟ್ಕೊಳ್ಳತ್ತೆ. ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಜಮಖಾನ, ಕಿಟಕಿಗೆ ನೆರಿಗೆ ಇರೋ ದಪ್ಪ ಪರದೆ, ಸೋಫಾ ಹಿಂದಿನ ಗೋಡೆಗೆ ತುಂಬಿದ ಪುಸ್ತಕದ ಕಪಾಟು. ಈ ಮೂರು ಮಾಡಿದ್ರೆ ಹತ್ತು ಸಾವಿರ ಜಾಸ್ತಿಯ ಸ್ಪೀಕರ್ ತಂದಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಸ್ಪೀಕರಲ್ಲಿ ಸುಮ್ಮನೆ ಹಮ್ಮ್ ಅಂತ ಸದ್ದು ಬಂದ್ರೆ, ಕೇಬಲ್ ಟಿವಿಯ ತಂತಿ ಅಥವಾ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ನಿಂತ್ರೆ ಅದು ಎರಡು ಅರ್ಥಿಂಗ್ ಕೂಡಿಕೊಂಡ ತೊಂದ್ರೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಟಿವಿಗೆ ಆಪ್ಟಿಕಲ್ ಬಳಸಿ, ಅದು ಗಾಜಿನ ಅಥವಾ ಪ್ಲಾಸ್ಟಿಕ್ ಎಳೆ, ಕರೆಂಟ್ ಹರಿಯಲ್ಲ. ಪ್ಲಗ್ಗಿನ ಅರ್ಥ್ ಪಿನ್ ಮುರಿಯೋ ಸಲಹೆ ಯಾರೇ ಕೊಟ್ರೂ ಕೇಳಬೇಡಿ, ಜೀವಕ್ಕೇ ಅಪಾಯ. ಕರೆಂಟ್ ಹೋದಾಗ ಮಾತ್ರ ಗುಂಯ್ ಅಂದ್ರೆ ಇನ್ವರ್ಟರ್ ಸ್ಕ್ವೇರ್ ವೇವ್ ಇರ್ಬೇಕು, ಆಗ ಸ್ಪೀಕರ್ ತಪ್ಪಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ಉಡುಪಿಯಿಂದ ಚಿಕ್ಕಪ್ಪನೂ ಕೇಳಿದಾರೆ. ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಮುತ್ತ ವಿಚಾರಿಸಿದ್ರೆ ಹಳೇ ಸೊನೊಡೈನ್ ಸ್ಪೀಕರು, ನಾರ್ಜ್ ಆಂಪು ಇಂಥವು ಆಗಾಗ ಸಿಗ್ತಾವೆ, ಒಳ್ಳೇ ಮಾಲು. ಹೋಗುವಾಗ ಒಂದು ಮಲ್ಟಿಮೀಟರ್ ತಗೊಂಡು ಹೋಗಿ. ಆಂಪ್ ಆನ್ ಮಾಡಿ, ಸ್ಪೀಕರ್ ಹಾಕದೆ, ವಾಲ್ಯೂಮ್ ಸೊನ್ನೇಲಿಟ್ಟು, ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಮಿಲಿವೋಲ್ಟ್ ಅಳೆಯಿರಿ. 50ರ ಒಳಗಿದ್ರೆ ಸರಿ, 100 ದಾಟಿದ್ರೆ ಬಿಟ್ಟು ಬನ್ನಿ, ಸ್ಪೀಕರ್ ತಿಂದುಹಾಕತ್ತೆ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದ್ರೆ ಪರವಾಗಿಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರೆ ಬಹಳ ಸಲ ಹೋಗತ್ತೆ, ಅದನ್ನೇ ಹೇಳಿ ಬೆಲೆ ಇಳಿಸಿ. ಸ್ಪೀಕರ್ ಜಾಲರಿ ತೆಗೆದು ಕೋನ್ ಸುತ್ತಿನ ಅಂಚು ನೋಡಿ. ರಬ್ಬರ್ ಆದ್ರೆ ಬಾಳಿಕೆ ಜಾಸ್ತಿ. ಫೋಮ್ ಆದ್ರೆ ಬೆರಳಲ್ಲಿ ಮೆಲ್ಲಗೆ ಮುಟ್ಟಿ, ಪುಡಿಯಾದ್ರೆ ಮುಗೀತು. ಚಿಕ್ಕಪ್ಪ, ಕರಾವಳಿಯ ತೇವಕ್ಕೆ ಫೋಮ್ ಇನ್ನೂ ಬೇಗ ಹೋಗತ್ತೆ, ನೀವು ರಬ್ಬರ್ ಅಂಚಿನದ್ದೇ ಹುಡುಕಿ. ಆಮೇಲೆ ಕೋನನ್ನ ಎರಡೂ ಕಡೆ ಸಮವಾಗಿ ಮೆಲ್ಲಗೆ ಒತ್ತಿ ಬಿಡಿ, ಒಳಗೆ ಕೆರೆಯೋ ಸದ್ದು ಬಂದ್ರೆ ಕಾಯಿಲ್ ಉಜ್ಜತಿದೆ ಅಂತ ಅರ್ಥ. ಎರಡೂ ಟ್ವೀಟರ್‌ಗೆ ಕಿವಿ ಕೊಟ್ಟು ಕೇಳಿ, ಒಂದು ಸತ್ತಿದ್ರೂ ದೂರದಿಂದ ಗೊತ್ತಾಗಲ್ಲ.

ಹೊಸದಾದ್ರೂ ಹಳೇದಾದ್ರೂ ಕೊಳ್ಳೋ ಮೊದಲು ಕೇಳ್ಲೇಬೇಕು. ಅಂಗಡಿಯೋರ ಡಿಜೆ ಹಾಡಿಗೆ ಎಲ್ಲಾ ಸ್ಪೀಕರೂ ಚೆನ್ನಾಗೇ ಕೇಳತ್ತೆ. ನಿಮ್ಮ ತಂದೆಯೋರನ್ನ ಜೊತೇಲಿ ಕರ್ಕೊಂಡು ಹೋಗಿ, ಅವರಿಗೆ ಬಾಯಿಪಾಠ ಇರೋ ಕಚೇರಿ ಒಂದನ್ನ ಫೋನ್‌ಗೆ ಇಳಿಸ್ಕೊಂಡು ಹಾಕ್ಸಿ. ತಂಬೂರಿ ಹಾಡಿನ ಹಿಂದೆ ಎಡೆಬಿಡದೆ ಕೇಳ್ತಿದ್ಯಾ, ಪಿಟೀಲು ಮೇಲಿನ ಸ್ಥಾಯಿಗೆ ಹೋದಾಗ ಕಿವಿ ಚುಚ್ಚತ್ತಾ, ತೊಪ್ಪಿಯ ಪೆಟ್ಟು ಬಿಡಿಬಿಡಿಯಾಗಿ ಬರತ್ತಾ, ಇಷ್ಟು ಸಾಕು. ಎರಡು ಸ್ಪೀಕರ್ ಹೋಲಿಸುವಾಗ ಸದ್ದು ಸಮ ಮಾಡ್ಸಿ, ಸ್ವಲ್ಪ ಜೋರಾಗಿರೋದೇ ಚೆನ್ನಾಗಿದೆ ಅನ್ನಿಸೋದು ಕಿವಿಯ ಸ್ವಭಾವ. ಬೇಸ್, ಟ್ರೆಬಲ್ ಎರಡೂ ನಡುವೆ ಇಡ್ಸಿ, ಎಕ್ಸ್‌ಟ್ರಾ ಬೇಸ್ ಬಟನ್ ಇದ್ರೆ ಆಫ್ ಮಾಡ್ಸಿ. ಕಡೇಗೆ ಸದ್ದು ತೀರ ಸಣ್ಣದು ಮಾಡ್ಸಿ ಒಮ್ಮೆ ಕೇಳಿ. ಬೆಳಿಗ್ಗೆ 6 ಗಂಟೆಗೆ ಮನೇಲಿ ಎಲ್ಲರೂ ಮಲಗಿರುವಾಗ ಅವರು ಕೇಳೋದು ಅಷ್ಟೇ ಸದ್ದಲ್ಲಿ ಅಲ್ವಾ.

ಇವತ್ತು ಸಂಜೆ ಟಿವಿ ಹಿಂದಿನ ತೂತುಗಳೆಲ್ಲ ಕಾಣೋ ಹಾಗೆ ಒಂದು ಫೋಟೊ, ಟಿವಿ ಗೋಡೆಯದ್ದು ಇನ್ನೊಂದು ಫೋಟೊ ಹಾಕಿ. ಆಪ್ಟಿಕಲ್ ಇದ್ಯಾ, ಹೆಡ್‌ಫೋನ್ ಜ್ಯಾಕ್ ಇದ್ಯಾ ನೋಡಿ ಯಾವ ಕೇಬಲ್, ಎಷ್ಟು ಮೀಟರ್ ಅಂತ ಹೇಳ್ತೀನಿ.