ನೆಕ್ ಡೈ ಯಾವುದು ತಗೊಳ್ಳಲಿ? ಗನ್‌ಸ್ಮಿತ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದಲ್ಲಿ ಟಾರ್ಗೆಟ್ ಶೂಟಿಂಗ್ ಮಾಡುವ ಕನ್ನಡಿಗರಿಗೆ ನಮಸ್ಕಾರ. ಇವತ್ತಿನ ವಿಷಯ ನೆಕ್ ಡೈ. ಅಂದರೆ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತುಂಬುವ ಮುಂಚೆ ಅದರ ಕುತ್ತಿಗೆ (ಗುಂಡು ಕೂರುವ ಬಾಯಿಯ ಕಡೆ) ಮಾತ್ರ ಬಿಗಿ ಮಾಡುವ ಅಚ್ಚು. ಉತ್ತರ ಕೊಡುವವರು ನಮ್ಮ ಗನ್‌ಸ್ಮಿತ್ ಅಣ್ಣ.

ಆಸ್ಟಿನ್ ಸದಸ್ಯ: .308 ಬೋಲ್ಟ್ ರೈಫಲ್ ಇದೆ. ಬುಶಿಂಗ್ ಡೈ ಒಳ್ಳೆಯದಾ, ಲೀ ಕಾಲೆಟ್ ಡೈ ಒಳ್ಳೆಯದಾ?

ಗನ್‌ಸ್ಮಿತ್: ಮೊದಲ ಸಲ ಅಂದರೆ ಕಾಲೆಟ್. ಒಳಗೆ ಒಂದು ಕಂಬಿ ಇರುತ್ತದೆ, ಕುತ್ತಿಗೆಯನ್ನು ಅದರ ಮೇಲೆ ಅದುಮುತ್ತದೆ. ಎಣ್ಣೆ ಬೇಡ. ಕುತ್ತಿಗೆಯ ದಪ್ಪದಲ್ಲಿ ಹೆಚ್ಚುಕಮ್ಮಿ ಇದ್ದರೆ ಅದು ಹೊರಗಡೆಗೆ ಹೋಗುತ್ತದೆ, ಗುಂಡು ಕೂರುವ ಒಳಭಾಗ ನೇರ ಇರುತ್ತದೆ. ಬುಶಿಂಗ್ ಡೈ ಅಂದರೆ ಬದಲಿಸಬಹುದಾದ ಉಂಗುರದಿಂದ ಕುತ್ತಿಗೆಯನ್ನು ಹೊರಗಿಂದ ಬಿಗಿ ಮಾಡುವುದು, ಅದರಲ್ಲಿ ಇದು ಉಲ್ಟಾ. ಆದರೆ ಬಿಗಿಯನ್ನು 0.001 ಇಂಚಿನ ಲೆಕ್ಕದಲ್ಲಿ ಬದಲಿಸಬೇಕು ಅಂದರೆ ಬುಶಿಂಗೇ ಬೇಕು. ಗುಂಡು ಕೂರಿಸಿದ ತೋಟಾದ ಕುತ್ತಿಗೆ ಅಳೆಯಿರಿ. 0.336 ಬಂದರೆ 0.334 ಬುಶಿಂಗ್‌ನಿಂದ ಶುರು ಮಾಡಿ. ಒಂದು ಎಚ್ಚರಿಕೆ: ಕೇಸ್ ಇಡದೆ ಕಾಲೆಟ್ ಡೈಯನ್ನು ಅದುಮಬೇಡಿ, ಡೈ ಒಳಗಿನ ಕಾಲೆಟ್ ಬೆರಳುಗಳು ಮುಚ್ಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತವೆ.

ಸಿಯಾಟಲ್ ಸದಸ್ಯ: 6.5 ಕ್ರೀಡ್‌ಮೂರ್‌ಗೆ ಕಾರ್ಬೈಡ್ ಬುಶಿಂಗ್ ಬೇಕಾ, ಸ್ಟೀಲ್ ಸಾಕಾ?

ಫೀನಿಕ್ಸ್ ಸದಸ್ಯ: ಎಆರ್-15ಗೆ ನೆಕ್ ಡೈ ಆಗುತ್ತಾ?

ಗನ್‌ಸ್ಮಿತ್: ಬೇಡ. ತಾನಾಗಿ ಲೋಡ್ ಆಗುವ ಯಾವ ಕೋವಿಗೂ ಬೇಡ, ಇಡೀ ಕೇಸನ್ನು ಬಿಗಿ ಮಾಡುವ ಫುಲ್ ಲೆಂಗ್ತ್ ಡೈ ಬಳಸಿ. ಕೇಸ್ ಬಿಗಿಯಾಗಿದ್ದರೆ ಬೋಲ್ಟ್ (ತೋಟಾದ ಹಿಂದೆ ಮುಚ್ಚುವ ಭಾಗ) ಪೂರ್ತಿ ಲಾಕ್ ಆಗುವುದಿಲ್ಲ.

ಡಲ್ಲಾಸ್ ಸದಸ್ಯ: ಅಣ್ಣ, ನನ್ನ ಹತ್ತಿರ ಇಶಾಪುರದ 2ಎ1 ರೈಫಲ್ ಇದೆ, 7.62. ಎನ್‌ಸಿಸಿಯಲ್ಲಿ .303 ಹಿಡಿದ ನೆನಪಿಗೆ ತಗೊಂಡೆ. 40 ಕೇಸ್ ಇವೆ, ನಾಲ್ಕು ಸಲ ತುಂಬಿದ್ದೇನೆ. ಪ್ರತಿ ಸಲ ಫುಲ್ ಲೆಂಗ್ತ್ ಡೈಯನ್ನು, ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೆ ತಾಗುವಷ್ಟು ಇಳಿಸುತ್ತೇನೆ. ಈಗ ಕೆಲವು ಕೇಸಿನ ಬುಡದ ಹತ್ತಿರ ಹೊಳೆಯುವ ಗೆರೆ ಬಂದಿದೆ. ಡೈ ಗೀರಿರಬೇಕು. ಯಾವ ನೆಕ್ ಡೈ ತಗೊಳ್ಳಲಿ?

ಗನ್‌ಸ್ಮಿತ್: ಡೈ ಮಾತು ಆಮೇಲೆ. ಆ ಕೇಸುಗಳನ್ನು ಇನ್ನು ಹಾರಿಸಬೇಡಿ.

ಗೆರೆ ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ, ಸುತ್ತಲೂ ಇದೆಯಾ? ಹಾಗಿದ್ದರೆ ಅದು ಗೀರು ಅಲ್ಲ. ಹಿತ್ತಾಳೆ ಒಳಗಿಂದ ತೆಳುವಾಗುತ್ತಿರುವ ಗುರುತು. ಹಾರಿಸಿದಾಗ ಕೇಸಿನ ಮುಂಭಾಗ ಉಬ್ಬಿ ಚೇಂಬರ್ (ಕೋವಿಯಲ್ಲಿ ತೋಟಾ ಕೂರುವ ಜಾಗ) ಗೋಡೆಗೆ ಅಂಟಿಕೊಳ್ಳುತ್ತದೆ. ಬುಡ ಮಾತ್ರ ಹಿಂದಕ್ಕೆ ಸರಿಯುತ್ತದೆ. ನಡುವಿನ ಹಿತ್ತಾಳೆ ಎಳೆಯುತ್ತದೆ. ನೀವು ಡೈಯಲ್ಲಿ ಭುಜವನ್ನು (ಕುತ್ತಿಗೆಯ ಕೆಳಗಿನ ಇಳಿಜಾರು) ಮತ್ತೆ ಹಿಂದಕ್ಕೆ ತಳ್ಳುತ್ತೀರಿ, ಮುಂದಿನ ಸಲ ಅದೇ ಜಾಗ ಮತ್ತೆ ಎಳೆಯುತ್ತದೆ. ಒಂದು ದಿನ ಬುಡ ಕಿತ್ತು ಬರುತ್ತದೆ, ಬಿಸಿ ಗ್ಯಾಸ್ ನಿಮ್ಮ ಮುಖದ ಕಡೆ ಬರಬಹುದು. ನಿಮ್ಮ 2ಎ1ನಂಥ ಲೀ-ಎನ್‌ಫೀಲ್ಡ್ ಜಾತಿಯ ಕೋವಿಗಳಲ್ಲಿ ಇದು ಜಾಸ್ತಿ. ಬೋಲ್ಟನ್ನು ಲಾಕ್ ಮಾಡುವ ಲಗ್ ಹಿಂದೆ ಇರುತ್ತವೆ, ಒತ್ತಡಕ್ಕೆ ಬೋಲ್ಟೂ ಸ್ವಲ್ಪ ಸ್ಪ್ರಿಂಗ್ ಆಗುತ್ತದೆ.

ಒಂದು ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಚೂಪು ಮಾಡಿ ಕೊಕ್ಕೆಯ ಹಾಗೆ ಬಗ್ಗಿಸಿ. ಕೇಸ್ ಒಳಗೆ ಬುಡದ ತನಕ ಇಳಿಸಿ, ಗೋಡೆಗೆ ಒತ್ತಿಕೊಂಡು ನಿಧಾನ ಮೇಲೆ ಎಳೆಯಿರಿ. ಎಲ್ಲಾದರೂ ಹಳ್ಳಕ್ಕೆ ಕಚ್ಚಿದರೆ ಆ ಕೇಸ್ ಮುಗಿಯಿತು. ಮಾಡಿ ಹೇಳಿ, ಕಾಯುತ್ತೇನೆ.

ಇನ್ನೊಂದು. ಹೆಡ್‌ಸ್ಪೇಸ್ ದೋಷಕ್ಕೆ, ಅಂದರೆ ಚೇಂಬರಿನಲ್ಲಿ ಕೇಸಿಗೆ ಇರುವ ಜಾಗ ಜಾಸ್ತಿಯಾಗಿದ್ದರೆ, ನೆಕ್ ಡೈ ಮದ್ದಲ್ಲ. ಮೊದಲು ಗೇಜ್ ಹಾಕಿಸಿ ಆ ಜಾಗ ಅಳೆಸಿ. ಲೀ-ಎನ್‌ಫೀಲ್ಡ್ ನಂ.4 ರೈಫಲ್‌ಗೆ ಅದನ್ನು ಸರಿಮಾಡಲು 0ರಿಂದ 3ರ ತನಕ ನಂಬರ್ ಇರುವ ಬೋಲ್ಟ್ ಹೆಡ್ (ಬೋಲ್ಟಿನ ಮುಂದಿನ ತುಂಡು) ಸಿಗುತ್ತವೆ. ನಿಮ್ಮದಕ್ಕೆ ಆ ನಂಬರ್ ಇಲ್ಲ, ಕೂರಿಸಿ ಅಳೆದೇ ನೋಡಬೇಕು.

ಚಿಕಾಗೋ ಸದಸ್ಯ: ನೆಕ್ ಡೈ ಹಳೇ ಕಾಲದ್ದು. ಈಗ ಗೆಲ್ಲುವವರಲ್ಲಿ ಜಾಸ್ತಿ ಜನ ಫುಲ್ ಲೆಂಗ್ತ್ ಮಾಡಿ ಭುಜ 0.002 ಇಂಚು ತಳ್ಳುತ್ತಾರೆ.

ಬೋಯ್ಸಿ ಸದಸ್ಯ: ಅದು ಮ್ಯಾಚಿನವರಿಗೆ. ನಾನು ಒಂದೇ ಕೋವಿಯಲ್ಲಿ ಹತ್ತು ಸಲ ನೆಕ್ ಮಾತ್ರ ಮಾಡಿದ್ದೇನೆ.

ಚಿಕಾಗೋ ಸದಸ್ಯ: ಹತ್ತನೇ ಸಲ ಬೋಲ್ಟ್ ಮುಚ್ಚೋಕೆ ಸುತ್ತಿಗೆ ಬೇಕಾಯಿತಾ?

ಬೋಯ್ಸಿ ಸದಸ್ಯ: ಮರ್ಯಾದೆ ಕೊಟ್ಟು ಮಾತಾಡಿ.

ಗನ್‌ಸ್ಮಿತ್: ಇಬ್ಬರೂ ನಿಲ್ಲಿಸಿ. ನೆಕ್ ಮಾತ್ರ ಮಾಡಿದರೂ ಕೆಲವು ಸಲದ ನಂತರ ಬೋಲ್ಟ್ ಗಟ್ಟಿಯಾಗುತ್ತದೆ. ಆಗ ಭುಜ 0.002 ಹಿಂದಕ್ಕೆ. ಅಷ್ಟೇ.

ನ್ಯೂಜೆರ್ಸಿ ಸದಸ್ಯ: ಫಾರ್ವರ್ಡ್ ಬಂದಿದೆ: "ಕೇಸುಗಳನ್ನು ಬಾಣಲೆಯಲ್ಲಿ ಕೆಂಪಗಾಗುವ ತನಕ ಕಾಯಿಸಿ, ಆಮೇಲೆ ಅಮೋನಿಯಾ ಪಾಲಿಶ್‌ನಲ್ಲಿ ಉಜ್ಜಿ, ಹೊಸದರ ಹಾಗೆ ಆಗುತ್ತದೆ."

ಗನ್‌ಸ್ಮಿತ್: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಕಾಯಿಸುವುದು ಕುತ್ತಿಗೆ ಮತ್ತು ಭುಜ ಮಾತ್ರ. ಬುಡ ಮೆತ್ತಗಾದರೆ ಒತ್ತಡ ತಡೆಯುವುದಿಲ್ಲ, ಕಣ್ಣು ಹೋಗುತ್ತದೆ. ಅಮೋನಿಯಾ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲಕ್ಕೆ ಕುದುರೆ ಲಾಯದಲ್ಲಿ ಇಟ್ಟ ತೋಟಾಗಳು ತಾವಾಗೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ ಕಾರಣ ಎಂದು 1921ರಲ್ಲಿ ತಿಳಿಯಿತು. ನೂರು ವರ್ಷ ಆಯಿತು!

ನ್ಯೂಜೆರ್ಸಿ ಸದಸ್ಯ: ನಾನು ಸುಮ್ನೆ ಕೇಳಿದೆ, ಬೈಯೋದು ಯಾಕೆ? ಹಾಗಾದರೆ ಹುಣಸೆಹಣ್ಣು?

ಗನ್‌ಸ್ಮಿತ್: ಚೊಂಬಿಗೆ ಉಜ್ಜಿ. ಕೇಸಿಗೆ ಬೇಡ, ನಾರು ಒಳಗೆ ಅಂಟುತ್ತದೆ.

ಮಡಿಕೇರಿ ಸದಸ್ಯ: ನಮಗೆ ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆ ಅಲ್ವಾ? ನಾವೂ ಮನೆಯಲ್ಲಿ ತುಂಬಬಹುದಾ?

ಗನ್‌ಸ್ಮಿತ್: ಇಲ್ಲ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟಾ ತಯಾರಿಸೋಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆ ಲೈಸೆನ್ಸ್ ಬೇಕು.

ಟಾಂಪಾ ಸದಸ್ಯ: ಎಆರ್-10ಗೆ ನೆಕ್ ಡೈ?

ಗನ್‌ಸ್ಮಿತ್: ಮೇಲೆ ಓದಿ.

ಸಿಯಾಟಲ್ ಸದಸ್ಯ: ಕಾರ್ಬೈಡಾ, ಸ್ಟೀಲಾ? ಎರಡನೇ ಸಲ ಕೇಳ್ತಿದ್ದೀನಿ.

ಚಿಕಾಗೋ ಸದಸ್ಯ: ಬೋಯ್ಸಿಯವರನ್ನು ಕೇಳಿ, ಅವರಿಗೆ ಎಲ್ಲಾ ಗೊತ್ತು.

ಅಡ್ಮಿನ್: ಚಿಕಾಗೋ, ಇದು ಕೊನೆಯ ಎಚ್ಚರಿಕೆ.

ಡಲ್ಲಾಸ್ ಸದಸ್ಯ: ಅಣ್ಣ, ಕ್ಲಿಪ್ ಹಾಕಿ ನೋಡಿದೆ. 11 ಕೇಸಲ್ಲಿ ಕಚ್ಚುತ್ತಿದೆ. ಒಂದರಲ್ಲಂತೂ ಕೊಕ್ಕೆ ನಿಂತೇ ಬಿಟ್ಟಿತು. ಕೈ ನಡುಗಿತು. ಉಳಿದ 29 ನುಣ್ಣಗಿವೆ, ಅವನ್ನು ಇಟ್ಟುಕೊಳ್ಳಲಾ?

ಗನ್‌ಸ್ಮಿತ್: ಬೇಡ. ಅವೂ ಅಷ್ಟೇ ಸಲ ಎಳೆದಿವೆ. 40ನ್ನೂ ಇಕ್ಕಳದಲ್ಲಿ ಬಾಯಿ ಚಪ್ಪಟೆ ಮಾಡಿ ಗುಜರಿಗೆ ಹಾಕಿ, ಬೇರೆ ಯಾರೂ ಎತ್ತಿಕೊಂಡು ತುಂಬಬಾರದು. ತುಂಬಿಟ್ಟ ತೋಟಾ ಇದ್ದರೆ ಗುಂಡು ಬಿಚ್ಚಿ. ಗೇಜ್ ಪಾಸಾದರೆ ಹೊಸ ಕೇಸ್ ತಗೊಳ್ಳಿ, ಜೊತೆಗೆ ಲೀ ಕಾಲೆಟ್.

ಡಲ್ಲಾಸ್ ಸದಸ್ಯ: ತುಂಬಿದವು ಬೇರೆ 6 ಇವೆ. ಈಗಲೇ ಬಿಚ್ಚುತ್ತೇನೆ.

ಗನ್‌ಸ್ಮಿತ್: ಕನ್ನಡಕ ಹಾಕಿಕೊಳ್ಳಿ. ಮುಗಿದ ಮೇಲೆ ಒಂದು ಮೆಸೇಜ್ ಹಾಕಿ.